ಗುರುವಿನ ಬಳಿ 14 ವರ್ಷ, ಗದ್ದುಗೆಯ ಮೇಲೆ 14 ವರ್ಷ: ಗೋಲ್ಕೊಂಡದ ತಾನಾಷಾ



ಭದ್ರಾಚಲದ ರಾಮದಾಸರ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಹೈದರಾಬಾದಿಗೆ ಹೋದ ಸ್ವಾಮಿಗಳು ಗೋಲ್ಕೊಂಡ ಕೋಟೆ ಹತ್ತಿ, ಅವರಿದ್ದ ಸೆರೆಮನೆಯ ಗೋಡೆಯ ಮೇಲಿನ ರಾಮ, ಸೀತೆ, ಲಕ್ಷ್ಮಣರ ಕೆತ್ತನೆಗೆ ಕೈಮುಗಿದು ಬರುತ್ತಾರೆ. ಆದರೆ ಅವರನ್ನು ಸೆರೆಗೆ ಹಾಕಿದ ದೊರೆಯ ಕಥೆ ಗೊತ್ತಿರುವವರು ಕಡಿಮೆ. ಅವನ ಹೆಸರು ಅಬುಲ್ ಹಸನ್ ಕುತುಬ್ ಷಾ. ಜನ ಕರೆದದ್ದು ತಾನಾಷಾ ಎಂದು, ತೆಲುಗರ ಬಾಯಲ್ಲಿ ತಾನೀಷಾ.

ದೇವರ ದಾರಿ ಹಿಡಿದವನು ಬದುಕಿನ ಸುಖ ಬಿಡಲೇಬೇಕೇ? ಇವತ್ತಿನ ದಿನವನ್ನು ಸವಿಯುವವನು ದೇವರಿಂದ ದೂರ ಹೋದಂತೆಯೇ? ಈ ಪ್ರಶ್ನೆ ಇರುವ ಕಿರಿಯ ಸ್ವಾಮಿಗಳು ಇವನ ಬದುಕನ್ನು ಒಮ್ಮೆ ನೋಡಬೇಕು.

ಅಬುಲ್ ಹಸನ್ ರಾಜಮನೆತನಕ್ಕೆ ದೂರದ ಸಂಬಂಧಿ. ಸಿಂಹಾಸನದ ಆಸೆ ಇಟ್ಟುಕೊಳ್ಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹೈದರಾಬಾದಿನಲ್ಲಿದ್ದ ಸೂಫಿ ಸಂತ ಷಾ ರಾಜು ಅವರ ಶಿಷ್ಯನಾಗಿ ಸುಮಾರು 14 ವರ್ಷ ಕಳೆದ. ಈ ಷಾ ರಾಜು ನಮ್ಮ ಕಲಬುರಗಿಯ ಖ್ವಾಜಾ ಬಂದೇ ನವಾಜರ ವಂಶದವರು. ಶಿಷ್ಯನ ಕಂಠ ಚೆನ್ನಾಗಿತ್ತು, ಸ್ವಭಾವ ಮಗುವಿನದು. ತಾನಾಷಾ ಎಂಬ ಮುದ್ದಿನ ಹೆಸರು ಗುರುಗಳೇ ಇಟ್ಟದ್ದು ಎನ್ನುತ್ತಾರೆ. ಇಂದು ಹಿಂದಿಯಲ್ಲಿ ಅದೇ ಪದಕ್ಕೆ ಸರ್ವಾಧಿಕಾರಿ ಎಂಬ ಅರ್ಥ ಬಂದಿರುವುದು ವಿಚಿತ್ರ.

ಆಗಿನ ಸುಲ್ತಾನ ಅಬ್ದುಲ್ಲಾ ಕುತುಬ್ ಷಾನಿಗೆ ಗಂಡುಮಕ್ಕಳಿರಲಿಲ್ಲ, ಮೂವರು ಹೆಣ್ಣುಮಕ್ಕಳು. ಮೂರನೆಯ ಮಗಳಿಗೆ ಗೊತ್ತಾಗಿದ್ದ ವರನ ಮೇಲೆ ಹಿರಿಯ ಅಳಿಯನಿಗೆ ಜಗಳ ಹತ್ತಿತು, ಮದುವೆ ಮುರಿಯಿತು. ಬೇರೆ ವರ ಬೇಕಾದಾಗ ಜನ ಹುಡುಕಿಕೊಂಡು ಬಂದದ್ದು ಗುರುವಿನ ಬಳಿ ಇದ್ದ ಈ ಹುಡುಗನನ್ನು. ಫಕೀರನ ಶಿಷ್ಯ ಅರಮನೆಯ ಅಳಿಯನಾದ. 1672ರಲ್ಲಿ ಮಾವ ತೀರಿಕೊಂಡಾಗ ಗದ್ದುಗೆಯೂ ಅವನದಾಯಿತು.

ದೊರೆಯಾದ ಮೇಲೆ ಅವನು ಸುಖವನ್ನು ದೂರ ಇಡಲಿಲ್ಲ. ಸಂಗೀತ, ನೃತ್ಯ, ಒಳ್ಳೆಯ ಊಟ, ಗೆಳೆಯರ ಮಾತು ಎಲ್ಲವನ್ನೂ ಪ್ರೀತಿಸಿದ. ಕೂಚಿಪೂಡಿ ಕಲಾವಿದರ ಆಟ ನೋಡಿ ಮೆಚ್ಚಿ, ಆ ಊರನ್ನೇ ಅವರಿಗೆ ಬಿಟ್ಟುಕೊಟ್ಟನೆಂಬ ಪ್ರತೀತಿ ಇದೆ. 1677ರಲ್ಲಿ ಶಿವಾಜಿ ಹೈದರಾಬಾದಿಗೆ ಬಂದಾಗ ಸ್ವಾಗತಿಸಿದವನೂ ಇವನೇ. ಮತ ನೋಡದೆ ಮಾದಣ್ಣ, ಅಕ್ಕಣ್ಣ ಎಂಬ ಬ್ರಾಹ್ಮಣ ಸಹೋದರರಿಗೆ ಆಡಳಿತ ಒಪ್ಪಿಸಿದ. ಗುರುವನ್ನೂ ಮರೆಯಲಿಲ್ಲ. ಷಾ ರಾಜು ಅವರ ದರ್ಗಾ ಇಂದಿಗೂ ಹೈದರಾಬಾದಿನ ಹಳೆಯ ಊರಿನಲ್ಲಿದೆ.

ಹಾಗೆಂದು ಅವನಲ್ಲಿ ತಪ್ಪೇ ಇರಲಿಲ್ಲ ಎನ್ನಲಾಗದು. ರಾಜ್ಯಭಾರವನ್ನು ಮಂತ್ರಿಗಳ ಹೆಗಲಿಗೆ ಬಿಟ್ಟು ಸುಖದಲ್ಲಿ ಮುಳುಗಿದನೆಂದು ಮೊಘಲರ ಕಡೆಯ ಬರಹಗಾರರು ಜರೆದರು. ಪಾಲ್ವಂಚದ ತಹಶೀಲ್ದಾರರಾಗಿದ್ದ ಗೋಪಣ್ಣನವರು, ಅಂದರೆ ನಮ್ಮ ರಾಮದಾಸರು, ಕಂದಾಯದ ಹಣದಲ್ಲಿ ರಾಮನ ಗುಡಿ ಕಟ್ಟಿಸಿದ್ದಕ್ಕೆ 12 ವರ್ಷ ಸೆರೆಯಲ್ಲಿದ್ದರು ಎಂದು ಭಕ್ತರು ಹೇಳುತ್ತಾರೆ. ದೊರೆ ಹಾಡು ಕೇಳುತ್ತಿದ್ದ ಕೋಟೆಯಲ್ಲೇ ಒಬ್ಬ ಭಕ್ತ ಕತ್ತಲಲ್ಲಿ ಕೂತಿದ್ದ. ಪಕ್ಕದವನ ನೋವು ಕಾಣದ ಸುಖದಲ್ಲಿ ಏನೋ ಕೊರತೆ ಇದ್ದೇ ಇರುತ್ತದೆ. ಕೊನೆಗೆ ರಾಮ ಲಕ್ಷ್ಮಣರೇ ಬಂದು ಬಾಕಿ ತೀರಿಸಿದರು, ತಾನಾಷಾ ಕಣ್ತೆರೆದು ರಾಮದಾಸರನ್ನು ಬಿಡಿಸಿದ ಎಂಬುದು ಭಕ್ತರ ನಂಬಿಕೆ. ಶ್ರೀರಾಮನವಮಿಯ ಕಲ್ಯಾಣೋತ್ಸವಕ್ಕೆ ಸರ್ಕಾರದಿಂದ ಮುತ್ತಿನ ತಲಂಬ್ರಾಲು, ಅಂದರೆ ಮದುವೆಯ ಅಕ್ಷತೆ, ಹೋಗುವ ಪದ್ಧತಿ ಅವನಿಂದಲೇ ಶುರುವಾಯಿತೆಂದು ಹೇಳುತ್ತಾರೆ. ಅದು ಈಗಲೂ ನಡೆದಿದೆ.

ಪರೀಕ್ಷೆಯ ದಿನ ಬಂತು. ಔರಂಗಜೇಬ್ 1686ರಲ್ಲಿ ನಮ್ಮ ವಿಜಯಪುರವನ್ನು ಗೆದ್ದ. ಅದೇ ವರ್ಷ ಮಾದಣ್ಣ, ಅಕ್ಕಣ್ಣ ಗೋಲ್ಕೊಂಡದ ಬೀದಿಯಲ್ಲಿ ಕೊಲೆಯಾದರು. 1687ರಲ್ಲಿ ಮೊಘಲ್ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿ ಸುಮಾರು ಎಂಟು ತಿಂಗಳು ಕೂತಿತು. ಕೋಟೆ ಬಲದಿಂದ ಬೀಳಲಿಲ್ಲ. ಸೆಪ್ಟೆಂಬರ್‌ನ ಒಂದು ರಾತ್ರಿ ಒಳಗಿನವನೇ ಒಬ್ಬ ಬಾಗಿಲು ತೆರೆದ. ಅಬ್ದುರ್ ರಜಾಕ್ ಎಂಬ ನಿಷ್ಠಾವಂತ ಸರದಾರ ಮೈತುಂಬ ಗಾಯವಾಗಿ ಬೀಳುವವರೆಗೂ ಕಾದಿದ.

ಆ ಹೊತ್ತಿನಲ್ಲಿ ತಾನಾಷಾ ನಡೆದುಕೊಂಡ ರೀತಿಯನ್ನು ಮೊಘಲರ ಚರಿತ್ರೆಕಾರ ಖಾಫಿ ಖಾನನೇ ಬರೆದಿಟ್ಟಿದ್ದಾನೆ. ಅಂತಃಪುರದಲ್ಲಿ ಅಳುತ್ತಿದ್ದವರಿಗೆ ಸಮಾಧಾನ ಹೇಳಿ, ಕ್ಷಮೆ ಕೇಳಿ, ಬಂದು ತನ್ನ ಆಸನದಲ್ಲಿ ಕುಳಿತ. ಶತ್ರು ಸರದಾರರು ಒಳಬಂದಾಗ ತಾನೇ ಮೊದಲು ವಂದಿಸಿದ. ಊಟದ ವೇಳೆಯಾದಾಗ ಎಂದಿನಂತೆ ಊಟ ಬಡಿಸಲು ಹೇಳಿ, ಅವರನ್ನೂ ಪಂಕ್ತಿಗೆ ಕರೆದ. ಇಂಥ ಹೊತ್ತಿನಲ್ಲಿ ಅನ್ನ ಇಳಿಯುತ್ತದೆಯೇ ಎಂದು ಅವರಿಗೆ ಬೆರಗು. ಇದು ತನ್ನ ಊಟದ ಹೊತ್ತು, ಬಡತನ ಕೊಟ್ಟವನೂ ರಾಜ್ಯ ಕೊಟ್ಟವನೂ ದೇವರೇ, ಈಗ ತೆಗೆದುಕೊಳ್ಳುವವನೂ ಅವನೇ ಎಂಬುದು ತಾನಾಷಾನ ಉತ್ತರದ ಸಾರ. ಊಟ ಮುಗಿಸಿ ಹೊರಟ. ಕೊರಳಲ್ಲಿದ್ದ ಮುತ್ತಿನ ಹಾರವನ್ನು ಗೆದ್ದವನ ಮಗನಿಗೆ ಕಾಣಿಕೆಯಾಗಿ ಕೊಟ್ಟ.

ಮುಂದೆ ದೌಲತಾಬಾದ್ ಕೋಟೆಯ ಚೀನೀ ಮಹಲಿನಲ್ಲಿ ಸೆರೆ, ಸುಮಾರು 12 ವರ್ಷ. ಅಲ್ಲೇ ತೀರಿಕೊಂಡ. ಪೂರ್ವಜರ ದೊಡ್ಡ ಗುಮ್ಮಟಗಳು ಗೋಲ್ಕೊಂಡದ ಬಳಿ ಸಾಲಾಗಿ ನಿಂತಿವೆ. ಅವನ ಸಮಾಧಿ ಮಾತ್ರ ದೂರದ ಖುಲ್ದಾಬಾದಿನಲ್ಲಿ, ಸರಳವಾಗಿ.

ಸ್ವಾಮಿಗಳೇ, ಸುಖಪಡುವುದು ತಾನಾಗಿ ತಪ್ಪಲ್ಲ. ಹಿಡಿದದ್ದನ್ನು ಬಿಡಬೇಕಾದ ದಿನ ಕೈ ಸಲೀಸಾಗಿ ಬಿಚ್ಚುತ್ತದೆಯೇ ಎಂಬುದರಲ್ಲಿ ಸಾಧನೆ ಗೊತ್ತಾಗುತ್ತದೆ. ಗುರುವಿನ ಬಳಿ ಕಲಿತದ್ದು ಅರಮನೆಯ ಹಾಡಿನ ನಡುವೆ ಕಳೆದುಹೋಗಿದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಅದು ಕಳೆದುಹೋಗಿರಲಿಲ್ಲ, ಆ ದಿನ ಊಟದ ಎಲೆಯ ಮುಂದೆ ಕಾಣಿಸಿತು. ನಾವು 41 ದಿನ ಕಲಿತದ್ದೂ ಮಾಲೆ ತೆಗೆದ ಮೇಲೆ ಹಬ್ಬ, ಗೆಳೆಯರು, ಕೆಲಸಗಳ ನಡುವೆ ನಮ್ಮೊಳಗೆ ಹಾಗೆಯೇ ಉಳಿಯಲಿ. ಸುಖದಲ್ಲಿ ಕೂತಾಗ ಕತ್ತಲಲ್ಲಿ ಕೂತಿರುವವನ ನೆನಪೂ ಇರಲಿ.

ಸ್ವಾಮಿಯೇ ಶರಣಂ ಅಯ್ಯಪ್ಪ.