ಸಿಟಿ ಸ್ಕ್ಯಾನ್‌ಗೆ ದುಡ್ಡು ಕೊಟ್ಟಿದ್ದು ಬೀಟಲ್ಸ್ ಹಾಡುಗಳೇ? ಹೊಟ್ಟೆಯೊಳಗನ್ನು ಲೆಕ್ಕ ಹಾಕಿ ತೋರಿಸಿದ ಹೌನ್ಸ್‌ಫೀಲ್ಡ್ ಕತೆ

ಬೀಟಲ್ಸ್ ತಂಡದ ಹಾಡುಗಳ ರೆಕಾರ್ಡ್ ಮಾರಿ ಬಂದ ದುಡ್ಡಿನಿಂದ ಸಿಟಿ ಸ್ಕ್ಯಾನ್ ಯಂತ್ರ ಹುಟ್ಟಿತು ಎಂಬ ಮಾತನ್ನು ನೀವೂ ಓದಿರಬಹುದು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಯಂತ್ರ ಕಂಡುಹಿಡಿದ ಎಂಜಿನಿಯರ್ ಕೆಲಸಕ್ಕಿದ್ದದ್ದು ಬ್ರಿಟನ್ನಿನ ಇಎಂಐ ಕಂಪನಿಯಲ್ಲಿ (ಬ್ಯಾಂಕಿನ ಕಂತಿನ ಇಎಂಐ ಅಲ್ಲ, ಕಂಪನಿಯ ಹೆಸರೇ ಅದು). ಬೀಟಲ್ಸ್ ಹಾಡುಗಳನ್ನು ಹೊರತರುತ್ತಿದ್ದದ್ದೂ ಅದೇ ಕಂಪನಿ. ಆದರೆ ಆ ಕಾಲದ ಖರ್ಚುವೆಚ್ಚವನ್ನು ಕೆದಕಿ ನೋಡಿದ ಒಂದು ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಯಂತ್ರದ ಅಭಿವೃದ್ಧಿಗೆ ಇಎಂಐಗಿಂತ ಹೆಚ್ಚು ಹಣ ಹಾಕಿದ್ದು ಬ್ರಿಟಿಷ್ ಸರ್ಕಾರದ ಆರೋಗ್ಯ ಇಲಾಖೆ. ಅಂದರೆ ಜನರ ತೆರಿಗೆ ದುಡ್ಡು.

ಈ ಫಾರ್ವರ್ಡ್‌ನಲ್ಲಿ ಹಾಡುಗಾರರ ಹೆಸರು ಇರುತ್ತದೆ, ಯಂತ್ರ ಮಾಡಿದವರ ಹೆಸರು ಎಷ್ಟೋ ಸಲ ಇರುವುದಿಲ್ಲ. ಅವರು ಗಾಡ್‌ಫ್ರೀ ಹೌನ್ಸ್‌ಫೀಲ್ಡ್. ನಿಮ್ಮ ಮನೆಯಲ್ಲಿ ಯಾರದಾದರೂ ಹೊಟ್ಟೆಯ ಸಿಟಿ ಸ್ಕ್ಯಾನ್ ರಿಪೋರ್ಟ್ ಇದ್ದರೆ ತೆಗೆದು ನೋಡಿ. ಅದರಲ್ಲಿ ಎಲ್ಲಾದರೂ ಒಂದು ಸಂಖ್ಯೆಯ ಪಕ್ಕ ಎಚ್‌ಯು ಎಂದು ಬರೆದಿದ್ದರೆ, ಆ ಎಚ್ ಅವರ ಹೆಸರಿನದು.

ಹೌನ್ಸ್‌ಫೀಲ್ಡ್ ಹುಟ್ಟಿದ್ದು 1919ರ ಆಗಸ್ಟ್ 28ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ನ್ಯೂಅರ್ಕ್‌ನಲ್ಲಿ. ಐದು ಮಕ್ಕಳಲ್ಲಿ ಕೊನೆಯವರು, ಬೆಳೆದದ್ದು ಹಳ್ಳಿಯ ಹೊಲಮನೆಯಲ್ಲಿ. ಒಕ್ಕಣೆ ಯಂತ್ರ, ಜನರೇಟರ್ ಬಿಚ್ಚಿ ನೋಡುವುದೇ ಆಟ. ಹುಲ್ಲಿನ ಬಣವೆಯ ಮೇಲಿಂದ ಸ್ವಂತವಾಗಿ ಕಟ್ಟಿದ ಗ್ಲೈಡರ್ ಹಿಡಿದು ಹಾರಿದರು. ಡಾಂಬರಿನ ಡ್ರಮ್ಮಿಗೆ ನೀರು ತುಂಬಿ, ಅಸಿಟಿಲೀನ್ ಅನಿಲ ಬಳಸಿ ಅದು ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ ಎಂದು ಪರೀಕ್ಷಿಸಿದರು. (ದಯವಿಟ್ಟು ಯಾರೂ ಮನೆಯಲ್ಲಿ ಮಾಡಬೇಡಿ.) ಶಾಲೆಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಬಿಟ್ಟರೆ ಬೇರೆ ಯಾವುದರಲ್ಲೂ ಆಸಕ್ತಿ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ವಾಯುಪಡೆ ಸೇರಿ ರೇಡಾರ್ ಕಲಿತರು, ಕಲಿಸಿದರು. ಆಮೇಲೆ ಲಂಡನ್ನಿನ ಫ್ಯಾರಡೆ ಹೌಸ್‌ನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಡಿಪ್ಲೊಮಾ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಮುಂದೆ ಇಎಂಐ ಸೇರಿದರು. ಅಲ್ಲಿ ಬ್ರಿಟನ್ನಿನ ಮೊದಲ ಟ್ರಾನ್ಸಿಸ್ಟರ್ ಕಂಪ್ಯೂಟರ್‌ಗಳಲ್ಲಿ ಒಂದಾದ ಎಮಿಡೆಕ್ 1100 ಅನ್ನು ಕಟ್ಟಿದ ತಂಡದ ಮುಂದಾಳು ಅವರೇ.

ಅದರ ನಂತರ ಹಿಡಿದ ಕಂಪ್ಯೂಟರ್ ಮೆಮೊರಿಯ ಯೋಜನೆಗೆ ವ್ಯಾಪಾರದ ದಾರಿ ಕಾಣದೆ ಕಂಪನಿ ಅದನ್ನು ನಿಲ್ಲಿಸಿತು. ಅವರನ್ನು ಕೆಲಸದಿಂದ ತೆಗೆಯುವ ಬದಲು, ಮುಂದೇನು ಮಾಡಬೇಕೆಂದು ಅವರೇ ಯೋಚಿಸಲಿ ಎಂದು ಬಿಟ್ಟರು. ಈಗಿನ ಕಂಪನಿಗಳಲ್ಲಿ ಇಂಥದ್ದು ನಡೆಯುತ್ತದೆಯೇ ಎಂದು ನಮಗೆ ಅನುಮಾನ.

1967ರಲ್ಲಿ ಅವರಿಗೆ ಬಂದ ಯೋಚನೆ ಇಷ್ಟು. ಒಂದು ಮುಚ್ಚಿದ ಪೆಟ್ಟಿಗೆಯ ಒಳಗೆ ಏನಿದೆ ಎಂದು ತೆರೆಯದೆ ತಿಳಿಯಬೇಕು. ಎಲ್ಲ ದಿಕ್ಕಿನಿಂದ ಅದರ ಮೂಲಕ ಕಿರಣ ಹಾಯಿಸಿ, ಆಚೆ ಬದಿಯಲ್ಲಿ ಎಷ್ಟು ಉಳಿದು ಬಂತು ಎಂದು ಅಳೆದರೆ ಸಾಕಲ್ಲವೇ? ಮಾಯಾಚೌಕ ನೆನಪಿಸಿಕೊಳ್ಳಿ. ಅಡ್ಡಸಾಲು, ಉದ್ದಸಾಲು, ಮೂಲೆಯಿಂದ ಮೂಲೆಗೆ, ಹೀಗೆ ಸಾಕಷ್ಟು ಕಡೆಯಿಂದ ಮೊತ್ತಗಳು ಗೊತ್ತಿದ್ದರೆ ಒಳಗಿನ ಮನೆಗಳಲ್ಲಿ ಯಾವ ಸಂಖ್ಯೆ ಇದೆ ಎಂದು ಕಂಡುಹಿಡಿಯಬಹುದು. ಸಿಟಿ ಸ್ಕ್ಯಾನ್ ಮಾಡುವುದು ಅದನ್ನೇ, ಆದರೆ ಸಾವಿರಾರು ಮನೆಗಳ ಚೌಕದಲ್ಲಿ.

ಮೊದಲ ಪ್ರಯೋಗಕ್ಕೆ ಹಳೆಯ ಲೇತ್ ಯಂತ್ರದ ಹಾಸನ್ನು ಬಳಸಿದರು. ಕಿರಣಕ್ಕೆ ಅಮೆರಿಸಿಯಂ ಎಂಬ ವಿಕಿರಣ ಧಾತು. ಅದು ಎಷ್ಟು ದುರ್ಬಲವೆಂದರೆ ಒಂದೇ ಒಂದು ಚಿತ್ರಕ್ಕೆ ಬೇಕಾದ 28,000 ಅಳತೆಗಳನ್ನು ತೆಗೆಯಲು 9 ದಿನ ಹಿಡಿಯಿತು. ಅವನ್ನು ಚಿತ್ರವಾಗಿಸಲು ದೊಡ್ಡ ಕಂಪ್ಯೂಟರ್‌ಗೆ ಎರಡೂವರೆ ಗಂಟೆ. ಎಕ್ಸ್‌ರೇ ಟ್ಯೂಬ್ ಹಾಕಿದ ಮೇಲೆ 9 ದಿನ 9 ಗಂಟೆಗೆ ಇಳಿಯಿತು. ರಾಸಾಯನಿಕದಲ್ಲಿಟ್ಟ ಮನುಷ್ಯನ ಮೆದುಳಿನ ಚಿತ್ರ ಚೆನ್ನಾಗಿ ಬಂತು, ಆದರೆ ಆ ರಾಸಾಯನಿಕವೇ ವ್ಯತ್ಯಾಸವನ್ನು ಹೆಚ್ಚಾಗಿ ತೋರಿಸುತ್ತಿತ್ತು. ಹಾಗಾಗಿ ಯಹೂದಿ ಪದ್ಧತಿಯ ಕಸಾಯಿಖಾನೆಯಿಂದ ಹೋರಿಯ ತಾಜಾ ಮೆದುಳು ತರಿಸಿದರು. ಬೇರೆ ಕಡೆ ಪ್ರಾಣಿಯ ತಲೆಗೆ ಹೊಡೆದು ಪ್ರಜ್ಞೆ ತಪ್ಪಿಸುತ್ತಿದ್ದರಿಂದ ಮೆದುಳಿನಲ್ಲಿ ರಕ್ತ ತುಂಬಿರುತ್ತಿತ್ತು. ಹಂದಿಯ ಹೊಟ್ಟೆಯ ಭಾಗವನ್ನೂ ಸ್ಕ್ಯಾನ್ ಮಾಡಿದರು. ಅಂದರೆ ಹೊಟ್ಟೆಯ ಮೇಲೆ ಅವರ ಕಣ್ಣು ಮೊದಲಿನಿಂದಲೂ ಇತ್ತು.

1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ, ವೈದ್ಯ ಜೇಮ್ಸ್ ಆಂಬ್ರೋಸ್ ಜೊತೆ, ಮೊದಲ ರೋಗಿಯ ಸ್ಕ್ಯಾನ್ ನಡೆಯಿತು. ಮೆದುಳಿನಲ್ಲಿ ಗಡ್ಡೆ ಇರಬಹುದೆಂಬ ಅನುಮಾನವಿದ್ದ ಮಹಿಳೆ. ಗಡ್ಡೆ ಚಿತ್ರದಲ್ಲಿ ಸ್ಪಷ್ಟವಾಗಿ ಕಂಡಿತು.

ತಲೆಯಿಂದ ಶುರು ಮಾಡಿದ್ದಕ್ಕೆ ಸರಳ ಕಾರಣ ಇತ್ತು: ತಲೆಯನ್ನು ಅಲುಗಾಡದಂತೆ ಹಿಡಿಯಬಹುದು. ಹೊಟ್ಟೆಯನ್ನು ಹಿಡಿಯಲು ಆಗುವುದಿಲ್ಲ. ಉಸಿರಾಡಿದಾಗ ಯಕೃತ್ತು, ಮೂತ್ರಪಿಂಡ ಎಲ್ಲವೂ ಮೇಲೆ ಕೆಳಗೆ ಸರಿಯುತ್ತವೆ, ಕರುಳು ತನ್ನ ಪಾಡಿಗೆ ಹೊರಳುತ್ತಿರುತ್ತದೆ. ಆಗಿನ ಯಂತ್ರ ನಿಮಿಷಗಟ್ಟಲೆ ಸಮಯ ತೆಗೆದುಕೊಂಡರೆ ಚಿತ್ರ ಕಲಸಿಹೋಗುತ್ತದೆ. ಒಂದು ಉಸಿರು ಹಿಡಿಯುವಷ್ಟರಲ್ಲಿ ಕೆಲಸ ಮುಗಿಯಬೇಕಿತ್ತು. ಹೌನ್ಸ್‌ಫೀಲ್ಡ್ ತಂಡ ಅದನ್ನು ಸುಮಾರು 20 ಸೆಕೆಂಡಿಗೆ ತಂದಿತು. 1974ರ ಕೊನೆಯಲ್ಲಿ ಆ ಯಂತ್ರದೊಳಗೆ ಅವರೇ ಮಲಗಿದರು. ಆ ದಿನಗಳ ಚಿತ್ರಗಳಲ್ಲಿ ಅವರದೇ ಹೊಟ್ಟೆಯ ಅಡ್ಡಸೀಳು ಇದೆ. ಅಷ್ಟರಲ್ಲಿ ಅಮೆರಿಕದಲ್ಲಿ ರಾಬರ್ಟ್ ಲೆಡ್ಲಿ ಕೂಡ ಇಡೀ ದೇಹದ ಸ್ಕ್ಯಾನರ್ ಮಾಡಿದ್ದರು, ಪೈಪೋಟಿ ಜೋರಾಗಿತ್ತು. ಮುಂದೆ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಲೂಯಿ ಕ್ರೀಲ್ ಎಂಬ ವೈದ್ಯರು ಇಎಂಐ ಯಂತ್ರದಿಂದ ಹೊಟ್ಟೆಯ ಅಂಗಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಆರೋಗ್ಯವಂತ ಪ್ಯಾಂಕ್ರಿಯಾಸ್ ಸಿಟಿಯಲ್ಲಿ ಹೇಗೆ ಕಾಣಬೇಕು ಎಂದು ಮೊದಮೊದಲು ಬರೆದವರಲ್ಲಿ ಅವರೂ ಒಬ್ಬರು.

ಅದು ಯಾಕೆ ಅಷ್ಟು ದೊಡ್ಡ ವಿಷಯ? ಪ್ಯಾಂಕ್ರಿಯಾಸ್ ಅಥವಾ ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಒರಗಿಕೊಂಡು ಮಲಗಿರುವ ಸುಮಾರು 15 ಸೆಂಟಿಮೀಟರ್ ಉದ್ದದ ಅಂಗ. ಕೈಯಿಂದ ಒತ್ತಿ ನೋಡಿದರೆ ಸಿಗುವುದಿಲ್ಲ. ಸಾಮಾನ್ಯ ಎಕ್ಸ್‌ರೇಯಲ್ಲಿ ಅದರೊಳಗಿನ ಸುಣ್ಣದ ಕಲ್ಲುಗಳು ಕಾಣಬಹುದು, ಗ್ರಂಥಿ ಕಾಣುವುದಿಲ್ಲ. ಸಿಟಿಗಿಂತ ಮುಂಚೆ ವೈದ್ಯರು ರೋಗಿಗೆ ಬೇರಿಯಂ ಕುಡಿಸಿ, ಪಕ್ಕದ ಸಣ್ಣ ಕರುಳಿನ ಬಾಗು ಅಗಲವಾಗಿದೆಯೇ ಎಂದು ನೋಡಿ, ಗಡ್ಡೆ ತಳ್ಳುತ್ತಿರಬಹುದು ಎಂದು ಊಹಿಸುತ್ತಿದ್ದರು. ಪಕ್ಕದ ಮನೆಯ ಗೋಡೆ ಉಬ್ಬಿದ್ದನ್ನು ನೋಡಿ ಈ ಮನೆಯಲ್ಲಿ ಏನಾಗಿದೆ ಎಂದು ಹೇಳುವ ಹಾಗೆ. ಕೊನೆಗೆ ಹೊಟ್ಟೆ ಕೊಯ್ದೇ ನೋಡಬೇಕಾಗುತ್ತಿತ್ತು, ಎಷ್ಟೋ ಸಲ ನೋಡಿ, ಏನೂ ಮಾಡಲಾಗದೆ ಹೊಲಿಗೆ ಹಾಕಬೇಕಾಗುತ್ತಿತ್ತು.

ಹೌನ್ಸ್‌ಫೀಲ್ಡ್ ಕೊಟ್ಟದ್ದು ಬರೀ ಫೋಟೊ ಅಲ್ಲ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಕೊಟ್ಟರು. ಈಗಿನ ಅಳತೆಯಲ್ಲಿ ನೀರು 0, ಗಾಳಿ ಮೈನಸ್ 1000, ಕೊಬ್ಬು ಸುಮಾರು ಮೈನಸ್ 100. ಗಟ್ಟಿ ಮೂಳೆ ನೂರಾರು ದಾಟುತ್ತದೆ. ಪ್ಯಾಂಕ್ರಿಯಾಸ್, ಯಕೃತ್ತುಗಳಂಥ ಮೃದು ಅಂಗಗಳು ಸುಮಾರು 30ರಿಂದ 60ರ ಒಳಗೆ. ರಿಪೋರ್ಟ್‌ನಲ್ಲಿ ಗಂಟಿನ ಎಚ್‌ಯು 0ಗೆ ಹತ್ತಿರ ಇದ್ದರೆ ಅದು ನೀರು ತುಂಬಿದ ಚೀಲ ಇರಬಹುದು ಎಂಬ ಸುಳಿವು ಇಲ್ಲಿಂದ ಬರುತ್ತದೆ.

ಒಂದು ತಮಾಷೆ ನೋಡಿ. ಅಲ್ಟ್ರಾಸೌಂಡ್‌ಗೆ ಕೊಬ್ಬು ಶತ್ರು, ಸಿಟಿಗೆ ಮಿತ್ರ. ಅಂಗಗಳ ನಡುವಿನ ಕೊಬ್ಬು ಕಪ್ಪಗೆ ಕಾಣುವುದರಿಂದ ಅಂಗದ ಅಂಚು ಎದ್ದು ಕಾಣುತ್ತದೆ. ತೀರಾ ಸಣಕಲು ದೇಹದವರ ಹೊಟ್ಟೆಯಲ್ಲಿ ಎಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಕಂಡು ಸಿಟಿಯಲ್ಲಿ ಓದುವುದು ಕಷ್ಟ.

ಈ ಸಂಖ್ಯೆಗಳಲ್ಲೇ ತೊಂದರೆಯೂ ಇದೆ. ಪ್ಯಾಂಕ್ರಿಯಾಸ್‌ನ ಕ್ಯಾನ್ಸರ್ ಗಡ್ಡೆಗೂ ಸುತ್ತಲಿನ ಗ್ರಂಥಿಗೂ ಬರೀ ಸ್ಕ್ಯಾನ್‌ನಲ್ಲಿ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅದಕ್ಕೇ ಕೈಯ ನರಕ್ಕೆ ಡೈ ಇಂಜೆಕ್ಷನ್ ಕೊಡುವುದು. ಡೈ ಹೋಗಿ ಸುಮಾರು 40 ಸೆಕೆಂಡಿಗೆ ಆರೋಗ್ಯವಂತ ಗ್ರಂಥಿ ಬೆಳ್ಳಗೆ ಹೊಳೆಯುತ್ತದೆ, ರಕ್ತ ಕಡಿಮೆ ಹರಿಯುವ ಗಡ್ಡೆ ಮಂಕಾಗಿ ಉಳಿಯುತ್ತದೆ. ಆ ಗಳಿಗೆ ತಪ್ಪಿದರೆ ವ್ಯತ್ಯಾಸ ಮಸುಕಾಗಬಹುದು. ಹಾಗಾಗಿ ಹಳೆಯ ಸಿಟಿ ಇದ್ದರೂ ವೈದ್ಯರು ಪ್ಯಾಂಕ್ರಿಯಾಸ್‌ಗೆಂದೇ ಇನ್ನೊಂದು ಸಿಟಿ ಕೇಳಿದರೆ, ದುಡ್ಡಿಗಾಗಿ ಎಂದು ತಕ್ಷಣ ತೀರ್ಮಾನಿಸಬೇಡಿ. ಗಡ್ಡೆ ದೊಡ್ಡ ರಕ್ತನಾಳಗಳಿಗೆ ಸುತ್ತಿಕೊಂಡಿದೆಯೇ, ಆಪರೇಷನ್ ಸಾಧ್ಯವೇ ಎಂಬುದನ್ನು ಅದರಿಂದಲೇ ನಿರ್ಧರಿಸುತ್ತಾರೆ. ಡೈ ಕೊಡುವ ಮುಂಚೆ ಮೂತ್ರಪಿಂಡದ ತೊಂದರೆ, ಅಲರ್ಜಿ ಇದ್ದರೆ ಹೇಳಲೇಬೇಕು. ಕೆಲವು ಗಡ್ಡೆಗಳು ಡೈ ಕೊಟ್ಟರೂ ಗ್ರಂಥಿಯ ಬಣ್ಣದಲ್ಲೇ ಅಡಗುತ್ತವೆ, ಆಗ ಹಿಗ್ಗಿದ ನಾಳವೊಂದೇ ಸುಳಿವು. ಅಂಥ ಕಡೆ ಬಾಯಿಯ ಮೂಲಕ ಕೊಳವೆ ಇಳಿಸಿ ಒಳಗಿಂದ ಮಾಡುವ ಅಲ್ಟ್ರಾಸೌಂಡ್ ಬೇಕಾಗುತ್ತದೆ.

ಇಲ್ಲಿ ನಾವು ಒತ್ತಿ ಹೇಳಬೇಕಾದ ಒಂದು ವಿಷಯ ಇದೆ. ಹೊಟ್ಟೆಯ ಮಾಮೂಲಿ ಅಲ್ಟ್ರಾಸೌಂಡ್ ರಿಪೋರ್ಟ್‌ಗಳಲ್ಲಿ, ಕರುಳಿನ ಗ್ಯಾಸ್ ಅಡ್ಡ ಬಂದು ಪ್ಯಾಂಕ್ರಿಯಾಸ್ ಪೂರ್ತಿ ಕಾಣಲಿಲ್ಲ ಎಂಬ ಸಾಲು ಇಂಗ್ಲಿಷ್‌ನಲ್ಲಿ ಇರುವುದುಂಟು. ಮನೆಯವರು ಅದನ್ನು ನಾರ್ಮಲ್ ಎಂದು ಓದಿಕೊಳ್ಳುತ್ತಾರೆ. ಅದರ ಅರ್ಥ ನಾರ್ಮಲ್ ಅಲ್ಲ, ನೋಡಲು ಆಗಲಿಲ್ಲ ಎಂದು. ನೋವಿಲ್ಲದ ಕಾಮಾಲೆ, ಕಾರಣವಿಲ್ಲದೆ ಇಳಿಯುವ ತೂಕ, ಬೆನ್ನಿಗೆ ಹರಡುವ ಹೊಟ್ಟೆನೋವು, ವಯಸ್ಸಾದ ಮೇಲೆ ತೂಕ ಇಳಿಯುತ್ತಾ ಹೊಸದಾಗಿ ಕಾಣಿಸಿಕೊಂಡ ಸಕ್ಕರೆ ಕಾಯಿಲೆ ಇದ್ದವರು ಆ ಸಾಲು ನೋಡಿದರೆ ವೈದ್ಯರನ್ನು ಮತ್ತೆ ಕೇಳಬೇಕು.

ಹಾಗೆಂದು ಎಲ್ಲರೂ ಸಿಟಿಗೆ ಓಡಬೇಕಿಲ್ಲ. ಪ್ಯಾಂಕ್ರಿಯಾಸ್ ಇದ್ದಕ್ಕಿದ್ದಂತೆ ಊದಿಕೊಂಡಾಗ ನೋವಿನ ಲಕ್ಷಣ ಮತ್ತು ರಕ್ತಪರೀಕ್ಷೆಯಿಂದಲೇ ಸಾಮಾನ್ಯವಾಗಿ ರೋಗ ಗೊತ್ತಾಗುತ್ತದೆ. ಮೊದಲ ದಿನವೇ ಸಿಟಿ ಮಾಡಿದರೆ, ಸತ್ತುಹೋಗುತ್ತಿರುವ ಭಾಗ ಇನ್ನೂ ಸರಿಯಾಗಿ ಕಾಣದೆ, ಇರುವುದಕ್ಕಿಂತ ಹಗುರವಾಗಿ ತೋರಬಹುದು. ವಿಕಿರಣದ ಭಯದ ಬಗ್ಗೆಯೂ ಒಂದು ಮಾತು: ಹೊಟ್ಟೆಯ ಒಂದು ಸಿಟಿಯಲ್ಲಿ ಸುಮಾರು 8 ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ನಾವು ಪಡೆಯುವ ವಿಕಿರಣ ವರ್ಷಕ್ಕೆ ಸರಾಸರಿ 2.4. ಬೇಕಾದಾಗ ಮಾಡಿಸಲು ಹೆದರಬೇಕಾದಷ್ಟಲ್ಲ, ಶೋಕಿಗೆ ಮಾಡಿಸಬಹುದಾದಷ್ಟೂ ಅಲ್ಲ.

1979ರಲ್ಲಿ ಹೌನ್ಸ್‌ಫೀಲ್ಡ್‌ಗೆ ನೊಬೆಲ್ ಬಂತು. ಇದರ ಗಣಿತವನ್ನು 1963 ಮತ್ತು 1964ರಲ್ಲೇ ಪ್ರಕಟಿಸಿದ್ದ, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಅಲನ್ ಕಾರ್ಮ್ಯಾಕ್ ಜೊತೆ ಹಂಚಿಕೆ. ಇಬ್ಬರೂ ಒಟ್ಟಿಗೆ ಕೆಲಸ ಮಾಡಿದವರಲ್ಲ. ಕಾರ್ಮ್ಯಾಕ್ ಲೇಖನಗಳನ್ನು ಆಗ ಹೆಚ್ಚು ಜನ ಗಮನಿಸಿರಲಿಲ್ಲ, ಆಸಕ್ತಿ ತೋರಿಸಿ ಪ್ರತಿ ಕೇಳಿದವರಲ್ಲಿ ಸ್ವಿಟ್ಜರ್ಲೆಂಡಿನ ಹಿಮಕುಸಿತ ಅಧ್ಯಯನ ಕೇಂದ್ರವೂ ಇತ್ತು! ವೈದ್ಯಕೀಯದ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರೂ ವೈದ್ಯರಲ್ಲ.

ಹೌನ್ಸ್‌ಫೀಲ್ಡ್ ಮದುವೆಯಾಗಲಿಲ್ಲ. 1981ರಲ್ಲಿ ಸರ್ ಪದವಿ ಬಂದ ಮೇಲೂ ಬದುಕು ಹೆಚ್ಚು ಬದಲಾಗಲಿಲ್ಲ. ನಡಿಗೆ, ಪಿಯಾನೊ, ಕೆಲಸ. ನೊಬೆಲ್ ದುಡ್ಡಿನಲ್ಲಿ ಮನೆಯ ಹಜಾರದಲ್ಲೇ ಒಂದು ಪ್ರಯೋಗಶಾಲೆ ಮಾಡಿಕೊಂಡರು. 2004ರ ಆಗಸ್ಟ್ 12ರಂದು, 85 ತುಂಬಲು ಕೆಲವೇ ದಿನ ಇರುವಾಗ, ತೀರಿಕೊಂಡರು.