ಕಪ್ಪಾಗುವ ಮೂತ್ರದಲ್ಲಿ ವಂಶವಾಹಿಯ ಗುಟ್ಟು ಕಂಡ ವೈದ್ಯ: ಆರ್ಚಿಬಾಲ್ಡ್ ಗ್ಯಾರಡ್

ಮಗು ಹುಟ್ಟಿದ ಎರಡು-ಮೂರು ದಿನಕ್ಕೆ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು ಇಂದು ದೊಡ್ಡ ನಗರಗಳ ಅನೇಕ ಆಸ್ಪತ್ರೆಗಳಲ್ಲಿ ರೂಢಿಯಾಗಿದೆ. ನೋಡಲು ಆರೋಗ್ಯವಾಗಿರುವ ಕೂಸಿನ ದೇಹದೊಳಗೆ ಯಾವುದಾದರೂ ಹುಟ್ಟು ದೋಷ ಅಡಗಿದೆಯೇ ಎಂದು ತಿಳಿಯುವುದು ಇದರ ಉದ್ದೇಶ. ಇಂಥ ದೋಷಗಳಿಗೆ ಇಂಗ್ಲಿಷ್‌ನಲ್ಲಿ 'ಇನ್‌ಬಾರ್ನ್ ಎರರ್ಸ್ ಆಫ್ ಮೆಟಬಾಲಿಸಂ' ಎಂಬ ಹೆಸರಿದೆ. ಅಂದರೆ, ಹುಟ್ಟಿನಿಂದಲೇ ಬಂದ ಚಯಾಪಚಯದ ದೋಷಗಳು. ಈ ಹೆಸರು ಕೊಟ್ಟವರು ಲಂಡನ್ನಿನ ವೈದ್ಯ ಸರ್ ಆರ್ಚಿಬಾಲ್ಡ್ ಗ್ಯಾರಡ್.

ಡಿಎನ್‌ಎ ರಚನೆ ಗೊತ್ತಾಗುವುದಕ್ಕೆ ಅರ್ಧ ಶತಮಾನ ಮೊದಲೇ, 'ಜೀನ್' ಎಂಬ ಪದ ಕೂಡ ಹುಟ್ಟುವ ಮುಂಚೆಯೇ, ಮನುಷ್ಯನ ಕಾಯಿಲೆಯೊಂದು ಮೆಂಡೆಲ್ ನಿಯಮದಂತೆ ವಂಶದಲ್ಲಿ ಹರಿದು ಬರುತ್ತದೆ ಎಂದು ತೋರಿಸಿದವರು ಅವರು. ಆದರೆ ಅವರ ಮಾತಿನ ಬೆಲೆ ವೈದ್ಯಲೋಕಕ್ಕೆ ತಿಳಿಯುವ ಹೊತ್ತಿಗೆ ಅವರೇ ಇರಲಿಲ್ಲ.

ತಂದೆಯೂ ಹೆಸರಾಂತ ವೈದ್ಯ

ಗ್ಯಾರಡ್ ಹುಟ್ಟಿದ್ದು 1857ರ ನವೆಂಬರ್ 25ರಂದು, ಲಂಡನ್‌ನಲ್ಲಿ. ತಂದೆ ಆಲ್‌ಫ್ರೆಡ್ ಬೇರಿಂಗ್ ಗ್ಯಾರಡ್ ಆ ಕಾಲದ ಪ್ರಸಿದ್ಧ ವೈದ್ಯರು. ಗೌಟ್ ಎಂಬ ಕೀಲು ನೋವಿನ ರೋಗಿಗಳ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿರುತ್ತದೆ ಎಂದು ಕಂಡುಹಿಡಿದದ್ದು ಅವರೇ. ರಕ್ತದ ದ್ರವದಲ್ಲಿ ದಾರವೊಂದನ್ನು ಇಳಿಬಿಟ್ಟು, ಅದಕ್ಕೆ ಅಂಟುವ ಹರಳುಗಳನ್ನು ನೋಡಿ ರೋಗ ಪತ್ತೆ ಮಾಡುವ ವಿಧಾನವನ್ನೂ ರೂಪಿಸಿದ್ದರು. ರೋಗದ ಕಾರಣವನ್ನು ದೇಹದ ರಸಾಯನದಲ್ಲಿ ಹುಡುಕುವ ಪಾಠ ಮಗನಿಗೆ ಮನೆಯಲ್ಲೇ ಸಿಕ್ಕಿತ್ತು.

ಆಕ್ಸ್‌ಫರ್ಡ್‌ನಲ್ಲಿ ನಿಸರ್ಗ ವಿಜ್ಞಾನ ಓದಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಗ್ಯಾರಡ್, ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಕಲಿತರು. ಕೆಲಕಾಲ ವಿಯೆನ್ನಾದಲ್ಲೂ ತರಬೇತಿ ಪಡೆದರು. ಊರಿಗೆ ಮರಳಿದ ಮೇಲೆ ಅದೇ ಆಸ್ಪತ್ರೆಯಲ್ಲೂ, ಗ್ರೇಟ್ ಆರ್ಮಂಡ್ ಸ್ಟ್ರೀಟ್‌ನ ಮಕ್ಕಳ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. ರೋಗಿಗಳನ್ನು ನೋಡಿ ಮುಗಿಸಿ ಉಳಿದ ಸಮಯದಲ್ಲಿ ಅವರು ಮಾಡುತ್ತಿದ್ದ ಸಂಶೋಧನೆ ವಿಚಿತ್ರವಾಗಿ ಕಾಣುವಂಥದ್ದು. ಮೂತ್ರಕ್ಕೆ ಬಣ್ಣ ಕೊಡುವ ವಸ್ತುಗಳು ಯಾವುವು ಎಂಬುದು ಅವರ ಪ್ರಶ್ನೆಯಾಗಿತ್ತು. ಮುಂದೆ ವಿಟಮಿನ್ ಸಂಶೋಧನೆಗಾಗಿ ನೊಬೆಲ್ ಪಡೆದ ಫ್ರೆಡರಿಕ್ ಗೌಲ್ಯಾಂಡ್ ಹಾಪ್‌ಕಿನ್ಸ್ ಈ ಕೆಲಸದಲ್ಲಿ ಅವರ ಜೊತೆಗಾರರಾಗಿದ್ದರು.

ಕಪ್ಪು ಕಲೆಯ ಬೆನ್ನು ಹತ್ತಿ

1890ರ ದಶಕದ ಕೊನೆಯಲ್ಲಿ ಗ್ಯಾರಡ್ ಬಳಿಗೆ ಒಂದು ಗಂಡು ಕೂಸನ್ನು ತಂದರು. ಮಗುವಿಗೆ ಬೇರೆ ತೊಂದರೆ ಇರಲಿಲ್ಲ. ಆದರೆ ಉಚ್ಚೆ ಮಾಡಿದ ಬಟ್ಟೆ ಕಪ್ಪು ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಇದು ಅಲ್ಕಾಪ್ಟೋನೂರಿಯಾ ಎಂಬ ಬಲು ಅಪರೂಪದ ಸ್ಥಿತಿ. ಮೂತ್ರದಲ್ಲಿರುವ ಹೋಮೊಜೆಂಟಿಸಿಕ್ ಆಮ್ಲ ಗಾಳಿಗೆ ಒಡ್ಡಿಕೊಂಡಾಗ ಕಪ್ಪಾಗುತ್ತದೆ ಎಂಬುದು ಆಗಲೇ ಗೊತ್ತಿತ್ತು. ಆ ಆಮ್ಲ ಅಲ್ಲಿಗೆ ಬರುವುದಾದರೂ ಏಕೆ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಕರುಳಿನಲ್ಲಿ ಸೇರಿಕೊಂಡ ಯಾವುದೋ ಸೂಕ್ಷ್ಮಜೀವಿ ಇದಕ್ಕೆ ಕಾರಣ ಎಂಬ ವಾದಕ್ಕೆ ಬಲವಿತ್ತು. ಪಾಶ್ಚರ್, ಕಾಕ್ ಅವರ ಸಾಧನೆಯ ನಂತರ ಎಲ್ಲ ರೋಗಕ್ಕೂ ರೋಗಾಣುವನ್ನೇ ಹುಡುಕುತ್ತಿದ್ದ ಕಾಲ ಅದು.

ಗ್ಯಾರಡ್‌ಗೆ ಈ ವಾದ ಒಪ್ಪಿಗೆಯಾಗಲಿಲ್ಲ. ಸೋಂಕಾದರೆ ಬರಬೇಕು, ಏರಬೇಕು, ಇಳಿಯಬೇಕು. ಇದು ಹಾಗಲ್ಲ. ಇದ್ದವರಿಗೆ ಜೀವನಪೂರ್ತಿ ಇರುತ್ತದೆ, ಇಲ್ಲದವರಿಗೆ ಇಲ್ಲವೇ ಇಲ್ಲ. ನಡುವಿನ ಸ್ಥಿತಿ ಎಂಬುದೇ ಇಲ್ಲ. ಜೊತೆಗೆ, ಒಂದೇ ಮನೆಯ ಅಣ್ಣ ತಮ್ಮಂದಿರಲ್ಲಿ, ಅಕ್ಕ ತಂಗಿಯರಲ್ಲಿ ಅದು ಕಾಣಿಸಿಕೊಳ್ಳುತ್ತಿತ್ತು. ತಂದೆ ತಾಯಿಯರು ಮಾತ್ರ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತಿದ್ದರು.

ಅದೇ ಕುಟುಂಬದಲ್ಲಿ 1901ರಲ್ಲಿ ಮತ್ತೊಂದು ಮಗು ಹುಟ್ಟಿತು. ಕೂಸಿನ ಬಟ್ಟೆಗಳನ್ನು ಹುಟ್ಟಿದ ಗಳಿಗೆಯಿಂದಲೇ ಗಮನಿಸುವ ವ್ಯವಸ್ಥೆಯಾಯಿತು. ಮೂರನೇ ದಿನದ ಹೊತ್ತಿಗೆ ಕಪ್ಪು ಕಲೆ ಕಾಣಿಸಿತು. ಅಲ್ಲಿಗೆ ಇದು ಹೊರಗಿನಿಂದ ಬಂದ ಸೋಂಕಲ್ಲ, ಹುಟ್ಟುವಾಗಲೇ ಜೊತೆಗೆ ಬಂದದ್ದು ಎಂಬ ಅವರ ನಂಬಿಕೆ ಗಟ್ಟಿಯಾಯಿತು. ವಿಚಾರಿಸಿದಾಗ ಇನ್ನೊಂದು ಮುಖ್ಯ ಸಂಗತಿ ಹೊರಬಿತ್ತು. ಮಗುವಿನ ತಂದೆ ತಾಯಿ ಒಡಹುಟ್ಟಿದವರ ಮಕ್ಕಳು. ಗ್ಯಾರಡ್ ಇತರ ರೋಗಿಗಳ ಕುಟುಂಬಗಳ ವಿವರವನ್ನೂ ಕಲೆಹಾಕಿದರು. ಮಾಹಿತಿ ಸಿಕ್ಕ ಕುಟುಂಬಗಳಲ್ಲಿ ಶೇ 60ರಷ್ಟು ಕಡೆ ಇದೇ ಕಥೆ.

ಬಟಾಣಿ ಗಿಡದ ನಿಯಮ ಮನುಷ್ಯನಿಗೂ

ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡಿದ್ದ ಆನುವಂಶಿಕ ನಿಯಮಗಳು 35 ವರ್ಷ ಮೂಲೆಗುಂಪಾಗಿದ್ದು, 1900ರಲ್ಲಷ್ಟೇ ಮತ್ತೆ ಬೆಳಕಿಗೆ ಬಂದಿದ್ದವು. ಇಂಗ್ಲೆಂಡಿನಲ್ಲಿ ಅವುಗಳ ಪರ ವಾದಿಸುತ್ತಿದ್ದ ಕೇಂಬ್ರಿಡ್ಜ್‌ನ ವಿಲಿಯಂ ಬೇಟ್‌ಸನ್ ಕಣ್ಣಿಗೆ ಗ್ಯಾರಡ್ ಅವರ ಬರಹ ಬಿತ್ತು. ಅಡಗಿರುವ ಗುಣವೊಂದು ತಂದೆಯಿಂದಲೂ ತಾಯಿಯಿಂದಲೂ ಬಂದು ಸೇರಿದಾಗ ಮಾತ್ರ ಹೊರಗೆ ಕಾಣಿಸಿಕೊಳ್ಳುತ್ತದೆ ಎಂಬ ಮೆಂಡೆಲ್ ನಿಯಮಕ್ಕೆ ಇದು ಸರಿಯಾಗಿ ಹೊಂದುತ್ತಿತ್ತು. ಗಂಡ ಹೆಂಡತಿ ಇಬ್ಬರಲ್ಲೂ ಅಂಥ ಗುಣ ಅಡಗಿದ್ದರೆ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ಆ ಸ್ಥಿತಿ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧಿಗಳಲ್ಲಿ ಒಂದೇ ಪೂರ್ವಿಕರಿಂದ ಅದೇ ಗುಣ ಇಬ್ಬರಿಗೂ ಬಂದಿರುವ ಸಂಭವ ಹೆಚ್ಚು.

1902ರ ಡಿಸೆಂಬರ್‌ನಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಗ್ಯಾರಡ್ ಅವರ ಪ್ರಬಂಧ ಪ್ರಕಟವಾಯಿತು. ಮನುಷ್ಯನ ಕಾಯಿಲೆಗೆ ಮೆಂಡೆಲ್ ನಿಯಮವನ್ನು ಅನ್ವಯಿಸಿದ ಮೊದಲ ಬರಹಗಳಲ್ಲಿ ಅದಕ್ಕೆ ಅಗ್ರಸ್ಥಾನ. ಮುಖದಲ್ಲಿ ಹೇಗೋ ಹಾಗೆ ದೇಹದ ರಸಾಯನದಲ್ಲೂ ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ ಎಂಬ ವಿಚಾರವನ್ನೂ ಅವರು ಅದರಲ್ಲಿ ಮುಂದಿಟ್ಟರು. ಒಂದೇ ಔಷಧ ಒಬ್ಬರಿಗೆ ಒಗ್ಗಿ ಇನ್ನೊಬ್ಬರಿಗೆ ಒಗ್ಗದಿರುವುದೇಕೆ ಎಂದು ಇಂದು ಜೀನ್‌ಗಳಲ್ಲಿ ಹುಡುಕುವ ವಿಜ್ಞಾನದ ಬೇರು ಅಲ್ಲಿದೆ.

1908ರಲ್ಲಿ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ನೀಡಿದ ಕ್ರೂನಿಯನ್ ಉಪನ್ಯಾಸಗಳಲ್ಲಿ ಗ್ಯಾರಡ್ ಈ ವಿಚಾರವನ್ನು ಇನ್ನಷ್ಟು ವಿಸ್ತರಿಸಿದರು. ಅಲ್ಕಾಪ್ಟೋನೂರಿಯಾ ಜೊತೆಗೆ, ಚರ್ಮ ಮತ್ತು ಕೂದಲಿಗೆ ಬಣ್ಣವೇ ಬಾರದ ಆಲ್ಬಿನಿಸಂ, ಮೂತ್ರದಲ್ಲಿ ಕಲ್ಲು ಕಟ್ಟುವ ಸಿಸ್ಟಿನೂರಿಯಾ, ಮಧುಮೇಹವೆಂದು ತಪ್ಪು ತಿಳಿಯಲು ಕಾರಣವಾಗುವ ಪೆಂಟೋಸೂರಿಯಾ ಕೂಡ ಇದೇ ಗುಂಪಿಗೆ ಸೇರುತ್ತವೆ ಎಂದರು. ನಾವು ತಿಂದ ಆಹಾರ ದೇಹದಲ್ಲಿ ಹಂತ ಹಂತವಾಗಿ ಒಡೆಯುತ್ತದೆ. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ ಬೇಕು. ಆ ಕಿಣ್ವ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತು, ಅರ್ಧ ಒಡೆದ ವಸ್ತು ದೇಹದಲ್ಲಿ ಉಳಿಯುತ್ತದೆ ಅಥವಾ ಮೂತ್ರದಲ್ಲಿ ಹೊರಬರುತ್ತದೆ. ಇದು ಅವರ ವಿವರಣೆಯ ಸಾರ. ಮರುವರ್ಷ ಈ ಉಪನ್ಯಾಸಗಳು ಪುಸ್ತಕವಾದವು.

ಮೂವರು ಮಕ್ಕಳನ್ನು ಕಳೆದುಕೊಂಡ ತಂದೆ

ಗ್ಯಾರಡ್‌ಗೆ ಮಾನಮರ್ಯಾದೆಗಳಿಗೆ ಕೊರತೆಯಾಗಲಿಲ್ಲ. 1910ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಮೊದಲ ಮಹಾಯುದ್ಧದಲ್ಲಿ ಮಾಲ್ಟಾ ದ್ವೀಪದಲ್ಲಿ ಸೈನ್ಯದ ಸಲಹಾ ವೈದ್ಯರಾಗಿ ಗಾಯಾಳುಗಳ ಆರೈಕೆ ನೋಡಿಕೊಂಡರು. ಅದಕ್ಕಾಗಿ 1918ರಲ್ಲಿ ಸರ್ ಪದವಿಯೂ ಬಂತು. ಆದರೆ ಅದೇ ಯುದ್ಧ ಅವರ ಮನೆಯನ್ನು ಬರಿದು ಮಾಡಿತು. 1915ರಲ್ಲಿ ಒಬ್ಬ ಮಗ, 1916ರಲ್ಲಿ ಸೇನಾ ವೈದ್ಯನಾಗಿದ್ದ ಇನ್ನೊಬ್ಬ ಮಗ ಯುದ್ಧಕ್ಕೆ ಬಲಿಯಾದರು. ಯುದ್ಧ ಮುಗಿದ ಮೇಲಾದರೂ ಉಳಿದನಲ್ಲ ಎಂದುಕೊಂಡಿದ್ದ ಮೂರನೆಯ ಮಗನನ್ನು 1919ರಲ್ಲಿ ಇನ್‌ಫ್ಲುಯೆಂಜಾ ಸಾಂಕ್ರಾಮಿಕ ಕೊಂಡೊಯ್ದಿತು.

ಆ ದುಃಖದ ನಡುವೆಯೇ, 1920ರಲ್ಲಿ ಅವರು ವಿಲಿಯಂ ಆಸ್ಲರ್ ಅವರ ನಂತರ ಆಕ್ಸ್‌ಫರ್ಡ್‌ನ ರೀಜಿಯಸ್ ಪ್ರಾಧ್ಯಾಪಕರಾದರು. 1927ರಲ್ಲಿ ನಿವೃತ್ತರಾದರು. 1931ರಲ್ಲಿ ಬರೆದ ಇನ್ನೊಂದು ಪುಸ್ತಕದಲ್ಲಿ, ಸಾಮಾನ್ಯ ರೋಗಗಳು ಕೂಡ ಕೆಲವರನ್ನೇ ಹೆಚ್ಚು ಕಾಡುವುದಕ್ಕೆ ಅವರ ಹುಟ್ಟು ಗುಣವೂ ಕಾರಣ ಎಂದು ವಾದಿಸಿದರು. ಅದನ್ನೂ ಹೆಚ್ಚಿನವರು ಓದಲಿಲ್ಲ. 1936ರ ಮಾರ್ಚ್ 28ರಂದು ಕೇಂಬ್ರಿಡ್ಜ್‌ನಲ್ಲಿ ನಿಧನರಾದರು. ಉಳಿದಿದ್ದ ಒಬ್ಬಳೇ ಮಗಳು ಡೊರೊಥಿ ಗ್ಯಾರಡ್ ಪುರಾತತ್ವಜ್ಞೆಯಾಗಿ ಹೆಸರು ಮಾಡಿ, 1939ರಲ್ಲಿ ಕೇಂಬ್ರಿಡ್ಜ್‌ನ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು. ಅದನ್ನು ನೋಡುವ ಭಾಗ್ಯ ತಂದೆಗಿರಲಿಲ್ಲ.

ತಡವಾಗಿ ಬಂದ ಮನ್ನಣೆ

ಗ್ಯಾರಡ್ ಅವರ ಮಾತು ಬದುಕಿದ್ದಾಗ ಯಾಕೆ ಹಬ್ಬಲಿಲ್ಲ? ವೈದ್ಯರಿಗೆ ಇವು ಲಕ್ಷಕ್ಕೊಂದು ಸಿಗುವ, ಮದ್ದಿಲ್ಲದ ವಿಚಿತ್ರಗಳಾಗಿ ಕಂಡವು. ಗಿಡ, ನೊಣಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ತಳಿವಿಜ್ಞಾನಿಗಳು ವೈದ್ಯಕೀಯ ಪತ್ರಿಕೆಗಳತ್ತ ಹೆಚ್ಚಾಗಿ ತಿರುಗಿ ನೋಡಲಿಲ್ಲ. 1941ರಲ್ಲಿ ಅಮೆರಿಕದ ಜಾರ್ಜ್ ಬೀಡಲ್ ಮತ್ತು ಎಡ್ವರ್ಡ್ ಟಾಟಮ್, ಬ್ರೆಡ್ ಮೇಲೆ ಬೆಳೆಯುವ ಬೂಷ್ಟಿನ ಮೇಲೆ ಪ್ರಯೋಗ ಮಾಡಿ, ಜೀನ್‌ಗಳು ಕಿಣ್ವಗಳ ಮೂಲಕ ಕೆಲಸ ಮಾಡುತ್ತವೆ ಎಂದು ತೋರಿಸಿದರು. 1958ರಲ್ಲಿ ಅವರಿಗೆ ನೊಬೆಲ್ ಬಂದಾಗ, ಈ ವಿಚಾರವನ್ನು ಗ್ಯಾರಡ್ ಬಹಳ ಹಿಂದೆಯೇ ಕಂಡಿದ್ದರು ಎಂದು ಬೀಡಲ್ ತಮ್ಮ ಉಪನ್ಯಾಸದಲ್ಲಿ ಮನಸಾರೆ ಒಪ್ಪಿಕೊಂಡರು. ಅದೇ ವರ್ಷ, ಅಲ್ಕಾಪ್ಟೋನೂರಿಯಾ ರೋಗಿಯ ಯಕೃತ್ತಿನಲ್ಲಿ ಇಲ್ಲದ ಕಿಣ್ವ ಯಾವುದೆಂಬುದೂ ಪತ್ತೆಯಾಯಿತು. 1996ರಲ್ಲಿ ಸಂಬಂಧಪಟ್ಟ ಜೀನ್ ಸಿಕ್ಕಿತು.

ನಮ್ಮ ಮನೆಗಳಿಗೂ ಸಂಬಂಧಿಸಿದ ಮಾತು

ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ಪದ್ಧತಿ ಇರುವ ಕರ್ನಾಟಕಕ್ಕೆ ಗ್ಯಾರಡ್ ಕಂಡುಕೊಂಡ ಸತ್ಯ ದೂರದ್ದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಪಾಲ್ಗೊಂಡ ಯೋಜನೆಯೊಂದರಲ್ಲಿ ರಾಜ್ಯದ ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಇಂಥ ದೋಷಗಳಿಗಾಗಿ ಪರೀಕ್ಷಿಸಲಾಯಿತು. ಅದೇ ಕಾಲದ ಸಮೀಕ್ಷೆಗಳಲ್ಲಿ ಹೆರಿಗೆಗೆ ಬಂದ ದಂಪತಿಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಹತ್ತಿರದ ರಕ್ತಸಂಬಂಧಿಗಳಾಗಿದ್ದರು.

ನಮ್ಮ ರೂಢಿಯಲ್ಲಿ ಚಿಕ್ಕಮ್ಮನ ಮಗಳು ತಂಗಿ, ಸೋದರತ್ತೆಯ ಮಗಳು ವರಸೆಗೆ ಸಲ್ಲುವವಳು. ಜೀನ್‌ಗಳಿಗೆ ಈ ವ್ಯತ್ಯಾಸ ಗೊತ್ತಿಲ್ಲ. ಇಬ್ಬರೊಂದಿಗೂ ಹಂಚಿಕೆಯಾಗುವ ಪಾಲು ಸರಾಸರಿ ಎಂಟನೇ ಒಂದು. ಸೋದರಮಾವನ ವಿಷಯದಲ್ಲಿ ಅದು ನಾಲ್ಕನೇ ಒಂದು. ಹಾಗೆಂದು ಸಂಬಂಧದಲ್ಲಿ ಮದುವೆಯಾದವರ ಮಕ್ಕಳೆಲ್ಲರಿಗೂ ತೊಂದರೆ ಎಂದಲ್ಲ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಮನೆತನದಲ್ಲಿ ಇಂಥ ಕಾಯಿಲೆ ಕಂಡಿದ್ದರೆ ಮೊದಲೇ ತಜ್ಞರ ಸಲಹೆ ಪಡೆಯುವುದು ಒಳ್ಳೆಯದು.

ಅಲ್ಕಾಪ್ಟೋನೂರಿಯಾ ಬರೀ ಬಣ್ಣದ ತೊಂದರೆಯಲ್ಲ. ವಯಸ್ಸಾದಂತೆ ಮೃದ್ವಸ್ಥಿ ಕಪ್ಪಾಗಿ, ಬೆನ್ನು ಮತ್ತು ಕೀಲುಗಳು ಸವೆದು ನೋವು ಕೊಡುತ್ತವೆ. ಆ ಆಮ್ಲ ತಯಾರಾಗುವುದನ್ನೇ ತಗ್ಗಿಸುವ ನಿಟಿಸಿನೋನ್ ಎಂಬ ಔಷಧಕ್ಕೆ ವಯಸ್ಕ ರೋಗಿಗಳಲ್ಲಿ ಬಳಸಲು 2020ರಲ್ಲಿ ಯುರೋಪ್‌ನಲ್ಲಿ ಅನುಮತಿ ದೊರೆಯಿತು. ಗ್ಯಾರಡ್ ಅವರ ಪ್ರಬಂಧ ಅಚ್ಚಾಗಿ ಆಗ 118 ವರ್ಷಗಳಾಗಿದ್ದವು.