ಕಸುಬಿಗೊಂದು ಶಾಲೆ ಕಟ್ಟಿದ ಕೆರ್ಶೆನ್‌ಸ್ಟೈನರ್

ನಾನು ವೈದ್ಯನಾಗಿ ನೆಲೆಸಿರುವ ಮ್ಯೂನಿಕ್ ನಗರದಲ್ಲಿಯೇ ಗಿಯೋರ್ಗ್ ಕೆರ್ಶೆನ್‌ಸ್ಟೈನರ್ 1854ರಲ್ಲಿ ಜನಿಸಿದರು. ಬಡತನದ ಮನೆ. ಹದಿಹರೆಯದಲ್ಲೇ ಸಹಾಯಕ ಶಿಕ್ಷಕರಾದರು. ಬಳಿಕ ಆ ಕೆಲಸವನ್ನು ತೊರೆದು ಮತ್ತೆ ಓದಿ, ಗಣಿತದಲ್ಲಿ ಡಾಕ್ಟರೇಟ್ ಪಡೆದರು. 1895ರಲ್ಲಿ ನಗರದ ಶಾಲಾಡಳಿತದ ಹೊಣೆ ಅವರದಾಯಿತು.

ಶಾಲೆ ಮುಗಿಸಿ ಕಸುಬಿಗೆ ಸೇರಿದ ಹುಡುಗರಿಗೆಂದು ಆಗ ಇದ್ದ ಮುಂದುವರಿಕೆ ತರಗತಿಗಳು ಹಳೆಯ ಪಾಠಗಳನ್ನೇ ಒಪ್ಪಿಸುತ್ತಿದ್ದವು. ಕೆರ್ಶೆನ್‌ಸ್ಟೈನರ್ ಅವನ್ನು ಕಸುಬುವಾರು ವಿಂಗಡಿಸಿದರು, ಕಾರ್ಯಾಗಾರಗಳನ್ನು ಸೇರಿಸಿದರು, ಕೈಗೆಲಸದೊಡನೆ ಪೌರಧರ್ಮವನ್ನೂ ಕಲಿಸಿದರು. 1932ರಲ್ಲಿ ಅವರು ತೀರಿಕೊಂಡರೂ ಜರ್ಮನಿಯ ಇಂದಿನ ವೃತ್ತಿಶಾಲೆಗಳು ಆ ಬುನಾದಿಯ ಮೇಲೆಯೇ ನಿಂತಿವೆ.

ವ್ಯವಸ್ಥೆ ಸರಳ: ಕೆಲಸ ಕಲಿಸುವ ಖರ್ಚನ್ನೂ ಮಾಸಿಕ ಭತ್ಯೆಯನ್ನೂ ಉದ್ಯೋಗದಾತ ಭರಿಸುತ್ತಾನೆ, ಶಾಲೆಯ ವೆಚ್ಚವನ್ನು ರಾಜ್ಯ ಸರ್ಕಾರ ಹಾಗೂ ಸ್ಥಳೀಯ ಆಡಳಿತ ಹೊರುತ್ತವೆ. ನನ್ನ ಚಿಕಿತ್ಸಾಲಯದ ಸಹಾಯಕಿಯರೂ ಹೀಗೆಯೇ ಕಲಿತವರು. ಅವರಿಲ್ಲದೆ ನನ್ನ ಒಂದು ದಿನವೂ ಸಾಗದು.

ಮಕ್ಕಳನ್ನು ಇಲ್ಲಿಯ ವೃತ್ತಿತರಬೇತಿಗೆ, ಅಂದರೆ ಔಸ್‌ಬಿಲ್ಡುಂಗ್‌ಗೆ, ಕಳುಹಿಸಲು ಅಳುಕುವ ಪೋಷಕರು ಅದನ್ನು ಪದವಿಗಿಂತ ಕೀಳೆಂದು ಎಣಿಸಬೇಕಿಲ್ಲ. ಆದರೆ ಉದ್ಯೋಗದಾತನೊಡನೆ ತರಬೇತಿ ಒಪ್ಪಂದ ಮೊದಲು ಕೈಸೇರಲಿ; ಪಾಠ ಜರ್ಮನ್ ಭಾಷೆಯಲ್ಲಿಯೇ ನಡೆಯುವುದರಿಂದ ಭಾಷೆಯನ್ನು ಊರಿನಲ್ಲಿರುವಾಗಲೇ ಕಲಿತು ಬರಲಿ.